ಒಂದು ಸೆಕೆಂಡಿಗೆ ಆರು ಕಿಲೋಮೀಟರ್

ಫ್ರುಂಝೆ, 12 ಜೂನ್ 1974

ಚೋನ್-ಕೊಲೊತ್ ಭೂಕಂಪ ಠಾಣೆಯ ವೀಕ್ಷಕ ಮುಕಾಷ್ ಅವರಿಗೆ,

ಸಲಾಂ. ಹನ್ನೊಂದು ವರ್ಷದಿಂದ ನಿಮ್ಮ ತಂತಿಗಳು ನನ್ನ ಮೇಜಿಗೆ ಬರ್ತಾ ಇವೆ. ನಾನು ಕಾಗದ ಬರೀತಿರೋದು ಇದೇ ಮೊದಲು. ನನ್ನ ಹೆಸರು ಬಾತ್ಮಾ, ಇಲ್ಲಿ ರಾಜಧಾನಿಯ ಭೂಕಂಪ ಕಚೇರಿಯಲ್ಲಿದ್ದೀನಿ. ಠಾಣೆಗಳಿಂದ ನೀವೆಲ್ಲ ಕಳಿಸೋ ಗಂಟೆ, ನಿಮಿಷ, ಸೆಕೆಂಡುಗಳನ್ನ ಮುಂದಿಟ್ಟುಕೊಂಡು ಭೂಪಟದ ಮೇಲೆ ಕೈವಾರ ತಿರುಗಿಸಿ, ನೆಲ ಎಲ್ಲಿ ಒಡೀತು ಅಂತ ಚುಕ್ಕೆ ಇಡೋಳು ನಾನು.

ಮಾರ್ಚ್ ಒಂಬತ್ತರ ಭೂಕಂಪದ ಚುಕ್ಕೆಯೂ ನಂದೇ. ನಿಮ್ಮ ಹಳ್ಳಿಯಿಂದ ಪೂರ್ವಕ್ಕೆ ಆರು ಕಿಲೋಮೀಟರ್ ದೂರದಲ್ಲಿ ಇಟ್ಟೆ. ಆ ಚುಕ್ಕೆ ನೋಡಿ ಸರಕಾರದ ಸಮಿತಿಯವರು ಬಂದು, ಇಲ್ಲಿ ಇನ್ನೂ ದೊಡ್ಡದು ಆಗಬಹುದು ಅಂತ ಅರವತ್ತೆರಡು ಮನೆಗಳವರನ್ನೂ ಎಬ್ಬಿಸಿ, ಕಣಿವೆಯಾಚೆ ಜಾನಿ-ಕೊನುಷ್ ಅನ್ನೋ ಹೊಸ ಊರಿಗೆ ಸಾಗಿಸಿದರಂತೆ. ಠಾಣೆ ಬಂಡೆ ಮೇಲೆ ಕಟ್ಟಿದ್ದು, ಅದನ್ನ ಎತ್ತೋಕಾಗಲ್ಲ. ಹಾಗಾಗಿ ನೀವೊಬ್ಬರೇ ಅಲ್ಲಿ ಉಳಿದಿದ್ದೀರಿ ಅಂತ ಕೇಳಿದೆ.

ವಿಷಯಕ್ಕೆ ಬರ್ತೀನಿ. ಮಾರ್ಚಿಂದ ಈಚೆಗೆ ನೀವು ಮೂವತ್ತೊಂದು ಚಿಕ್ಕ ಕಂಪನಗಳನ್ನ ಕಳಿಸಿದ್ದೀರಿ. ಅಷ್ಟರಲ್ಲೂ ಮೊದಲ ಅಲೆಗೂ ಎರಡನೆಯ ಅಲೆಗೂ ನಡುವೆ ಮೂರೂವರೆ ಸೆಕೆಂಡಿನ ಮೇಲೆ ಚೂರು ಅಂತರ ಇದೆ. ಮಿಂಚು ಕಂಡು ಗುಡುಗು ಕೇಳೋವರೆಗೆ ಎಣಿಸ್ತೀವಲ್ಲ, ಇದೂ ಅಷ್ಟೇ ಲೆಕ್ಕ. ಗಡಿಯಾರ ಸರಿ ಇದ್ರೂ, ಕೆಟ್ಟಿದ್ರೂ ಅಂತರ ಸುಳ್ಳು ಹೇಳಲ್ಲ. ಅದರ ಪ್ರಕಾರ ಈ ಚಿಕ್ಕವೆಲ್ಲ ನಿಮ್ಮಿಂದ ಇಪ್ಪತ್ತೊಂಬತ್ತು ಕಿಲೋಮೀಟರ್ ದೂರದಲ್ಲಿ ಆಗ್ತಿವೆ. ಯಾವ ದಿಕ್ಕಿಗೆ ಅಂತ ಹೇಳೋಕಾಗಲ್ಲ, ಬೇರೆ ಠಾಣೆಗಳಿಗೆ ಇವು ಮುಟ್ಟೋದೇ ಇಲ್ಲ. ತಾಯಿ ಆರು ಕಿಲೋಮೀಟರಲ್ಲಿ, ಮರಿಗಳೆಲ್ಲ ಇಪ್ಪತ್ತೊಂಬತ್ತರಲ್ಲಿ. ಇದು ನನಗೆ ಸರಿ ಕಾಣ್ತಿಲ್ಲ.

ಮಾರ್ಚ್ ಒಂಬತ್ತರ ಮೂಲ ಫೋಟೋ ಕಾಗದವನ್ನ ದಯವಿಟ್ಟು ಕಳಿಸಿ. ಎರಡನೆಯ ಅಲೆ ಓದೋಕಾಗಲ್ಲ, ಗೆರೆ ಅಳಿಸಿದೆ ಅಂತ ಅವತ್ತು ಬರೆದಿದ್ದಿರಿ. ನನ್ನ ಹತ್ತಿರ ಒಳ್ಳೆ ಭೂತಗನ್ನಡಿ ಇದೆ.

ಬಾತ್ಮಾ


ಚೋನ್-ಕೊಲೊತ್, 27 ಜೂನ್ 1974

ಬಾತ್ಮಾ ಎಜೆ,

ಎಜೆ ಅಂದದ್ದಕ್ಕೆ ಬೇಜಾರಿಲ್ಲ ತಾನೆ? ನನಗೆ ಮೂವತ್ತೆಂಟು. ನಿಮ್ಮ ಅಕ್ಷರ ನೋಡಿದರೆ ನಮ್ಮ ದೊಡ್ಡಕ್ಕನ ವಯಸ್ಸು ಇರಬೇಕು ಅನ್ನಿಸ್ತು. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅಬ್ಬಾ, ಒಂದು ಕಾಗದ ಬಂತಲ್ಲ! ಶುಕ್ರವಾರ ಟಪಾಲಿನ ಗಾಡಿ ಸೇತುವೆವರೆಗೆ ಬರುತ್ತೆ. ಚಾಲಕ ಒಂದು ಚೀಲ ಹಿಟ್ಟು, ಟೀ ಸೊಪ್ಪು, ಸೀಮೆಎಣ್ಣೆ ಇಳಿಸಿ "ಇನ್ನೂ ಬದುಕಿದೀಯೇನೋ?" ಅಂತಾನೆ. "ನಿನ್ನ ಮದುವೆ ಊಟ ಉಂಡೇ ಸಾಯೋದು" ಅಂತೀನಿ. ವಾರಕ್ಕೆ ನನ್ನ ಮಾತು ಅಷ್ಟೇ. ಮಿಕ್ಕಿದ್ದೆಲ್ಲ ಯಂತ್ರದ ಜೊತೆ.

ಊರು ಹೋದದ್ದು ಮೇ ಇಪ್ಪತ್ತರಂದು. ಬಾಗಿಲು, ಕಿಟಕಿ, ತೊಲೆ, ಒಲೆಯ ಕಬ್ಬಿಣ ಎಲ್ಲ ಕಿತ್ತುಕೊಂಡು ಹೋದರು. ಈಗ ಗೋಡೆಗಳಿವೆ, ಅವುಗಳಲ್ಲಿ ತೂತುಗಳಿವೆ. ಅಸನಾಲಿ ಅಣ್ಣನ ಅಂಗಳದ ಏಪ್ರಿಕಾಟ್ ಮರದಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಜೋತು ಬಿದ್ದಿವೆ, ತಿನ್ನೋರಿಲ್ಲ. ನನ್ನ ಹೆಂಡತಿ ಬುರುಲ್ ಶಾಲೆ ಟೀಚರು. ಶಾಲೆ ಹೋದ ಮೇಲೆ ಅವಳೂ ಹೋಗಲೇಬೇಕಿತ್ತು. ಮಗಳು ಜಿಪಾರ್‌ಗೆ ಒಂಬತ್ತು ವರ್ಷ. ಹೋಗೋವಾಗ ಲಾರಿ ಮೇಲಿಂದ ಕೈ ಬೀಸಲೇ ಇಲ್ಲ, ನನ್ನ ಮೇಲೆ ಸಿಟ್ಟು. ಕುದುರೆ ಮೇಲೆ ಕಣಿವೆ ದಾಟಿದ್ರೆ ಒಂದು ದಿನದ ದಾರಿ. ಅಕ್ಟೋಬರಿನಲ್ಲಿ ಹಿಮ ಬಿದ್ದರೆ ಮೇವರೆಗೆ ಅದೂ ಇಲ್ಲ.

ಸಮಿತಿಯ ಅಧ್ಯಕ್ಷರು ಊರವರೆದುರು ನನ್ನ ಹೆಗಲಿಗೆ ಮರ್ಯಾದೆಯ ನಿಲುವಂಗಿ, ಚಪಾನ್, ಹೊದಿಸಿದರು ಅಂತ ನಿಮಗೆ ಯಾರಾದ್ರೂ ಹೇಳಿದರಾ? ನೀಲಿ ವೆಲ್ವೆಟ್ಟು, ಅಂಚಿಗೆ ಜರಿ. "ಮುಕಾಷನ ಯಂತ್ರ ನಿಮ್ಮ ಜೀವ ಉಳಿಸಿತು" ಅಂದರು. ನಮ್ಮಪ್ಪನಿಗೂ ಯಾರೂ ಚಪಾನ್ ಹೊದಿಸಿರಲಿಲ್ಲ.

ಮಾರ್ಚಿನ ಕಾಗದ ಹುಡುಕ್ತೀನಿ. ಗೂಡುಗಳೆಲ್ಲ ಅಸ್ತವ್ಯಸ್ತ ಆಗಿವೆ. ಒಂದು ಕೇಳಲಾ? ಈ ಚುಕ್ಕೆ ಇಡ್ತೀರಲ್ಲ, ಅದು ಎಷ್ಟು ಗಟ್ಟಿ? ಆರು ಅಂದ್ರೆ ಆರೇನಾ?

ಮುಕಾಷ್


ಫ್ರುಂಝೆ, 15 ಜುಲೈ 1974

ಮುಕಾಷ್ ಅವರಿಗೆ,

ಬೇಜಾರಿಲ್ಲ. ನನಗೆ ಐವತ್ತೆರಡು. ಎಜೆ ಅಂತಲೇ ಕರೀರಿ. ಕಚೇರಿಯಲ್ಲಿ ನನ್ನನ್ನ ಕೈವಾರ ಅಂತ ಕರೀತಾರೆ, ನನಗೆ ಕೇಳಿಸಲ್ಲ ಅಂದುಕೊಂಡು.

ಎಷ್ಟು ಗಟ್ಟಿ ಅಂತ ಕೇಳಿದಿರಿ. ಈ ಪ್ರಶ್ನೆ ಸಮಿತಿಯವರು ಕೇಳಬೇಕಿತ್ತು, ಕೇಳಲಿಲ್ಲ. ಕಂಪನದ ಸುತ್ತ ನಾಲ್ಕೂ ಕಡೆ ಹತ್ತಿರದಲ್ಲಿ ಠಾಣೆಗಳಿದ್ದು, ಎಲ್ಲ ಗಡಿಯಾರಗಳೂ ಸರಿಯಾಗಿದ್ದರೆ ಎರಡು ಮೂರು ಕಿಲೋಮೀಟರಿನೊಳಗೆ ಹಿಡೀತೀನಿ. ಒಂದು ಕಡೆ ಖಾಲಿ ಇದ್ದರೆ ಹತ್ತು. ಸಮುದ್ರದ ನಡುವೆ ಆದರೆ ಐವತ್ತಕ್ಕೂ ಆಣೆ ಹಾಕಲ್ಲ. ಎಷ್ಟು ಆಳದಲ್ಲಿ ಅಂತ ಕೇಳಿದರಂತೂ ದೇವರೇ ಗತಿ. ನಮ್ಮ ದೊಡ್ಡ ಭೂಪಟದಲ್ಲಿ ಪೆನ್ಸಿಲ್ ಚುಕ್ಕೆಯ ದಪ್ಪವೇ ಎರಡು ಕಿಲೋಮೀಟರ್ ಆಗುತ್ತೆ. ನೋಡೋರಿಗೆ ಮಾತ್ರ ಅದು ಸೂಜಿಮೊನೆ ಥರ ಕಾಣುತ್ತೆ.

ನಿಮ್ಮ ಪೂರ್ವಕ್ಕೆ ಗಡಿಯ ಹಿಮಬೆಟ್ಟಗಳು, ಅಲ್ಲಿ ಠಾಣೆ ಇಲ್ಲ. ಉತ್ತರದಲ್ಲೊಂದು, ದಕ್ಷಿಣದಲ್ಲೊಂದು, ಪಶ್ಚಿಮದಲ್ಲೊಂದು ಇವೆ. ಮೂರೂ ದೂರ. ಹತ್ತಿರ ಇರೋದು ನೀವೊಬ್ಬರೇ. ಅಲೆ ಸೆಕೆಂಡಿಗೆ ಆರು ಕಿಲೋಮೀಟರ್ ಓಡುತ್ತೆ. ನಿಮ್ಮ ಒಂದು ಸೆಕೆಂಡ್ ಅಲುಗಿದ್ರೆ ಚುಕ್ಕೆ ಆರೋ ಏಳೋ ಕಿಲೋಮೀಟರ್ ಅಲುಗಿಬಿಡುತ್ತೆ. ಅದೃಷ್ಟಕ್ಕೆ ನಿಮ್ಮ ಗಡಿಯಾರ ನಮ್ಮಲ್ಲೆಲ್ಲ ಅತ್ಯಂತ ನಂಬಿಕಸ್ತ. ಹಾಗಾಗಿ ತಪ್ಪು ನನ್ನ ಕೋಷ್ಟಕದಲ್ಲೇ ಇರಬೇಕು. ಬೆಟ್ಟದ ಬುಡದಲ್ಲಿ ಅಲೆ ನಾನಂದುಕೊಂಡಷ್ಟು ವೇಗವಾಗಿ ಓಡ್ತಿಲ್ಲವೋ ಏನೋ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಕೂತು ಕೂಡ್ತಾ, ಕಳೀತಾ ಇದೀನಿ. ಮನೆ ಅಂತ ಇರೋದು ಒಂದು ಕೋಣೆ. ನಾಲ್ಕು ಸಂಸಾರಕ್ಕೆ ಒಂದೇ ಅಡುಗೆಮನೆ. ಬೇಗ ಹೋಗಿ ಮಾಡೋದೇನೂ ಇಲ್ಲ.

ನಿಮ್ಮ ಸಂಸಾರವನ್ನ ನನ್ನ ಚುಕ್ಕೆ ಒಡೆಯಿತು ಅಂತ ನಿಮಗೆ ಸಿಟ್ಟಿದ್ರೆ ನೇರವಾಗಿ ಬೈದುಬಿಡಿ. ಅದಕ್ಕಾಗಿ ಕಾಗದ ಕಳಿಸದೆ ಇರಬೇಡಿ.

ಬಾತ್ಮಾ


ಚೋನ್-ಕೊಲೊತ್, 2 ಆಗಸ್ಟ್ 1974

ಬಾತ್ಮಾ ಎಜೆ,

ನಿಮ್ಮ ಮೇಲೆ ಸಿಟ್ಟೇ? ಅಯ್ಯೋ ಬಿಡ್ತು ಅನ್ನಿ.

ಹೋದ ವಾರ ಮೂರು ದಿನ ರಜೆ ಹಾಕಿ ಜಾನಿ-ಕೊನುಷ್‌ಗೆ ಹೋಗಿದ್ದೆ. ಒಳ್ಳೆ ಅಗಲವಾದ ಬಯಲು. ಹಿಂದೆಲ್ಲ ಬೇಸಿಗೆಯಲ್ಲಿ ಮಾತ್ರ ಕುರಿ ಹೊಡ್ಕೊಂಡು ಹೋಗ್ತಿದ್ದ ಜಾಗ. ಮಾರ್ಚ್ ತಿಂಗಳಲ್ಲಿ ಅಲ್ಲಿ ಒಂದು ಕುರೀನೂ ಇರಲ್ಲ. ಈಗ ಮಣ್ಣಿನ ಇಟ್ಟಿಗೆಯ ಮನೆಗಳು ಸಾಲಾಗಿ ಎದ್ದಿವೆ. ಚಳಿಗೆ ಒಳ್ಳೇದು ಅಂತ ಚಾವಣಿಗೆ ಒಂದು ಮೊಳ ಮಣ್ಣು ಹೊರಿಸಿದ್ದಾರೆ. ಬುರುಲ್ ನಮ್ಮ ಮನೆಗೆ ತಾನೇ ಸುಣ್ಣ ಬಳಿದಿದ್ದಾಳೆ.

"ಗಟ್ಟಿ ಇದೆಯಾ?" ಅಂತ ಗೋಡೆ ತಟ್ಟಿದೆ.

"ಸರಕಾರದ ಗೋಡೆ. ಅದನ್ನೇನು ಕುಂಬಳಕಾಯಿ ತಟ್ಟಿದ ಹಾಗೆ ತಟ್ತೀಯ?" ಅಂದಳು. "ಇಲ್ಲಿಗೇ ಬಂದ್ಬಿಡು ಮುಕಾಷ್. ಆ ಪೆಟ್ಟಿಗೇನ ಬೇರೆ ಯಾರಾದ್ರೂ ಕಾಯಲಿ."

ಜಿಪಾರ್ ಮೊದಲ ದಿನ ಮುಖ ತಿರುಗಿಸಿದ್ಲು. ಎರಡನೆಯ ದಿನ ನನ್ನ ಭುಜದ ಮೇಲೆ ಕೂತು ಊರೆಲ್ಲ ತೋರಿಸಿದ್ಲು. ಮೂರನೆಯ ದಿನ ಹೊರಟಾಗ ಲಗಾಮು ಹಿಡ್ಕೊಂಡು ಬಿಡಲೇ ಇಲ್ಲ. ಬುರುಲ್ ಬಂದು ಬಿಡಿಸಬೇಕಾಯ್ತು.

ಎಜೆ, ನಿಮ್ಮ ಭೂಪಟದಲ್ಲಿ ಅಲ್ಲಿಗೆ ನೇರ ಗೆರೆ ಎಳೆದರೆ ಎಷ್ಟು ಕಿಲೋಮೀಟರ್? ಸುಮ್ಮನೆ ಕೇಳಿದೆ.

ಮಾರ್ಚಿನ ಕಾಗದ ಇಲಿ ತಿಂದುಹಾಕಿದೆ. ಕ್ಷಮಿಸಿ.

ಮುಕಾಷ್


ಫ್ರುಂಝೆ, 20 ಆಗಸ್ಟ್ 1974

ಮುಕಾಷ್,

ಯಾರ ಕಿವಿಗೆ ಹೂವಿಡ್ತೀಯಾ? ಫೋಟೋ ಕಾಗದಕ್ಕೆ ಔಷಧಿ ವಾಸನೆ ಇರುತ್ತೆ, ಇಲಿ ಮೂಸೂ ನೋಡಲ್ಲ. ಮೂವತ್ತು ವರ್ಷದಿಂದ ಇದೇ ಕಾಗದಗಳ ನಡುವೆ ಬದುಕಿರೋಳು ನಾನು.

ನೀನು ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಅಳೆದೆ. ಜಾನಿ-ಕೊನುಷ್‌ಗೆ ಇಪ್ಪತ್ತೆಂಟು ಕಿಲೋಮೀಟರ್, ನೇರ ಪೂರ್ವಕ್ಕೆ.

ಆಮೇಲೆ ನಿನ್ನ ಠಾಣೆಯ ಸಮಯವನ್ನ ಪೂರ್ತಿ ತೆಗೆದುಹಾಕಿ ಮಾರ್ಚ್ ಒಂಬತ್ತನ್ನ ಮತ್ತೆ ಹಾಕಿದೆ. ನೀನಿಲ್ಲದೆ ಚುಕ್ಕೆ ಚುಕ್ಕೆಯಾಗಿ ಉಳಿಯಲ್ಲ. ಸೌತೆಕಾಯಿ ಥರ ಪೂರ್ವ ಪಶ್ಚಿಮಕ್ಕೆ ಉದ್ದ ಚಾಚಿಕೊಳ್ಳುತ್ತೆ. ಅದರ ಒಂದು ತುದಿಯಲ್ಲಿ ನಿನ್ನ ಠಾಣೆ, ಇನ್ನೊಂದು ತುದಿಯಲ್ಲಿ ನಿನ್ನ ಹೆಂಡತಿ ಸುಣ್ಣ ಬಳಿದ ಮನೆ. ಎರಡರಲ್ಲಿ ಯಾವುದು ಅಂತ ಹೇಳಬೇಕಾದದ್ದು ನಿನ್ನ ಗಡಿಯಾರ ಒಂದೇ.

ನನ್ನ ಕೋಷ್ಟಕ ತಪ್ಪಾಗಿತ್ತು, ಚುಕ್ಕೆಯ ತಪ್ಪೆಲ್ಲ ನಂದೇ ಅಂತ ಒಂದು ಹೇಳಿಕೆ ಬರೆದಿಟ್ಟಿದ್ದೀನಿ. ಸಹಿ ಒಂದು ಬಾಕಿ. ಅದರಿಂದ ನಿನಗೆ ಏನೂ ಆಗಲ್ಲ. ಆದರೆ ಅದು ನಿಜವಲ್ಲದಿದ್ದರೆ ಚುಕ್ಕೆ ಇಡೋಕೆ ನನಗೆ ಜಾಗ ಇಲ್ಲ. ಜಾಗ ಇಲ್ಲದೆ ಅಲ್ಲಿಯವರಿಗೆ ಏನಂತ ಹೇಳಲಿ?

ಅವತ್ತು ಗಡಿಯಾರಕ್ಕೆ ಏನಾಗಿತ್ತು?

ಬಾತ್ಮಾ


ಚೋನ್-ಕೊಲೊತ್, 1 ಸೆಪ್ಟೆಂಬರ್ 1974

ಎಜೆ,

ಸಹಿ ಹಾಕಬೇಡಿ. ಮಾರ್ಚಿನ ಫೋಟೋ ಕಾಗದ ಇದರ ಜೊತೆ ಇಟ್ಟಿದ್ದೀನಿ. ಇಷ್ಟು ದಿನ ಹಾಸಿಗೆ ಕೆಳಗಿತ್ತು.

ನಮ್ಮ ಗಡಿಯಾರ ಹತ್ತು ವರ್ಷದಿಂದ ಮುಂದೆ ಓಡೋದು. ದಿನಾ ಬೆಳಿಗ್ಗೆ ರೇಡಿಯೋದ ಆರು ಟುಂಯ್‌ಗೆ ಹೋಲಿಸಿ, ಎಷ್ಟು ಮುಂದಿದೆಯೋ ಅಷ್ಟು ಕಳೆದು ನಿಮಗೆ ತಂತಿ ಕೊಡ್ತಿದ್ದೆ. ಮಾರ್ಚ್ ಆರರಂದು ಅದನ್ನ ಬಿಚ್ಚಿ, ತೊಳೆದು, ಎಣ್ಣೆ ಹಾಕಿದೆ. ಆಮೇಲೆ ಅದು ಹಿಂದೆ ಬೀಳೋಕೆ ಶುರುವಾಯ್ತು. ಏಳರಂದು ನೋಡಿ ಚೀಟಿ ಮೇಲೆ ಬರೆದುಕೊಂಡೆ.

ಎಂಟರಂದು ಅಸನಾಲಿ ಅಣ್ಣನ ಮಗಳ ಮದುವೆ. ಹಿಮಕ್ಕೆ ಕರೆಂಟಿನ ಕಂಬ ಮುರಿದಿತ್ತು. ಅಸನಾಲಿ ಅಣ್ಣ ಖುದ್ದಾಗಿ ಬಂದು ಬಾಗಿಲಲ್ಲಿ ನಿಂತ. "ಮುಕಾಷ್, ಹಾಡಿಲ್ಲದೆ ಮಗಳನ್ನ ಕಳಿಸಲೇನೋ? ಆಚೆ ಊರಿನ ಬೀಗರು ನಮ್ಮನ್ನ ಕುರಿ ಕಾಯೋರು ಅಂತ ಮೊದಲೇ ಹೀಯಾಳಿಸ್ತಾರೆ. ನಿನ್ನ ಬ್ಯಾಟರಿ ಕೊಡು" ಅಂದ. ರೇಡಿಯೋದ ಬ್ಯಾಟರಿ, ಸರಕಾರದ್ದು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಮ್ಮಲ್ಲಿ ಮದುವೆಗೆ ಕೇಳಿದ್ದನ್ನ ಇಲ್ಲ ಅಂದೋರು ಆಮೇಲೆ ಊರಲ್ಲಿ ತಲೆ ಎತ್ತಿ ನಡೆಯೋಕಾಗಲ್ಲ. ಎರಡು ದಿನ ಇಡೀ ಊರು ಆ ಬ್ಯಾಟರಿಗೆ ಕುಣೀತು. ನಾನೂ ಕುಣಿದೆ.

ಒಂಬತ್ತರಂದು ಬೆಳಿಗ್ಗೆ ಹತ್ತೂಕಾಲಿಗೆ ನೆಲ ನಡುಗ್ತು. ಓಡಿ ಬಂದು ಫೋಟೋ ಕಾಗದ ತೊಳೆದೆ. ರೇಡಿಯೋ ಇಲ್ಲ. ಚೀಟಿಯಲ್ಲಿ ಒಂದೂವರೆ ಸೆಕೆಂಡಿನ ಮೇಲೆ ಚೂರು ಅಂತ ಇತ್ತು, ಅದನ್ನೇ ತಗೊಂಡೆ. ಹತ್ತು ವರ್ಷದ ಕೈ ನೋಡಿ, ಕೂಡೋ ಬದಲು ಕಳೆದುಬಿಡ್ತು. ಹನ್ನೊಂದರಂದು ಬ್ಯಾಟರಿ ವಾಪಸ್ ಬಂದು ಟುಂಯ್ ಕೇಳಿದಾಗ ಗೊತ್ತಾಯ್ತು. ಒಟ್ಟು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ತಪ್ಪು. ಮೂರು ಸೆಕೆಂಡಲ್ಲಿ ಏನು ಮಹಾ ಅಂದುಕೊಂಡೆ. ತಂತಿ ಕೊಟ್ಟರೆ ಬ್ಯಾಟರಿ ಎಲ್ಲಿತ್ತು ಅಂತ ಕೇಳ್ತಾರೆ, ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ ಸಮಿತಿ ಬಂತು. ಚಪಾನ್ ಹೊದಿಸಿದರು. ಆ ಮೇಲೆ ಹೇಗೆ ಹೇಳಲಿ ಎಜೆ? ಊರು ಹೋದ ಮೇಲೆ ಹೇಳೋಕೆ ಊರೇ ಇರಲಿಲ್ಲ.

ಜೂನಿನಲ್ಲಿ ನಿಮ್ಮ ಮೊದಲ ಕಾಗದ ಬಂದಾಗಲೇ ನನಗೆ ಅನುಮಾನ ಬಂದಿತ್ತು. ನಾನೇ ಅವರನ್ನ ಕೊಂಡೊಯ್ದು ಅದರ ಬಾಯಿಗೆ ಇಟ್ಟೆನಾ? ಹೌದೋ ಅಲ್ಲವೋ ಬೇಗ ಹೇಳಿ.

ಮುಕಾಷ್


ಫ್ರುಂಝೆ, 14 ಸೆಪ್ಟೆಂಬರ್ 1974

ತಮ್ಮಾ,

ಹೌದು.

ಮೂರು ಸಲ ಹಾಕಿ ನೋಡಿದೆ. ನಿನ್ನ ಸೆಕೆಂಡುಗಳನ್ನ ಸರಿಪಡಿಸಿದ ಕೂಡಲೇ ನಾಲ್ಕೂ ವೃತ್ತಗಳು ಒಂದೇ ಕಡೆ ಬಂದು ಕೂತವು. ನಿನ್ನಿಂದ ಇಪ್ಪತ್ತೊಂಬತ್ತು. ಹೊಸ ಊರಿನ ಪೂರ್ವದ ಅಂಚು. ಕಾಗದದಲ್ಲಿ ಎರಡನೆಯ ಅಲೆಯ ನೆರಳು ಸಿಕ್ಕಿತು, ಅದೂ ಅದನ್ನೇ ಹೇಳುತ್ತೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಅವತ್ತು ಮಾರ್ಚಿನಲ್ಲಿ ಪಶ್ಚಿಮದ ಠಾಣೆಯ ವೃತ್ತ ಸರಿಯಾಗಿ ಕೂತಿರಲಿಲ್ಲ. ಮಧ್ಯಾಹ್ನದೊಳಗೆ ಚುಕ್ಕೆ ಬೇಕು ಅಂತ ಮೇಲಿನವರು ಮೂರು ಸಲ ಫೋನು ಮಾಡಿದರು. ಪಶ್ಚಿಮದವನು ಸೋಮಾರಿ, ಮುಕಾಷ್ ತಪ್ಪು ಮಾಡಲ್ಲ ಅಂದುಕೊಂಡು ಒತ್ತಿ ಕೂರಿಸಿದೆ. ನಿನ್ನ ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದ್ರೂ ಹನ್ನೊಂದು ವರ್ಷದಿಂದ ಈ ಕಟ್ಟಡದಲ್ಲಿರೋ ಯಾರಿಗಿಂತಲೂ ನಿನ್ನನ್ನೇ ಹೆಚ್ಚು ನಂಬಿದ್ದೆ. ಹೇಳೋಕೆ ನಾಚಿಕೆ ಆಗುತ್ತೆ, ಹೇಳ್ತಿದೀನಿ.

ಮುಖ್ಯಸ್ಥರ ಮುಂದೆ ಎಲ್ಲ ಇಟ್ಟೆ. "ಬಾತ್ಮಾ, ಒಂದು ಊರನ್ನ ವರ್ಷಕ್ಕೆ ಎರಡು ಸಲ ಎತ್ತೋಕಾಗುತ್ತೇನ್ರೀ? ವಾರ್ಷಿಕ ಸಂಪುಟದಲ್ಲಿ ತಿದ್ದುಪಡಿ ಹಾಕೋಣ" ಅಂದರು. ಆ ಸಂಪುಟ ಅಚ್ಚಾಗೋದು ಎರಡು ವರ್ಷ ಬಿಟ್ಟು. ಜಿಲ್ಲೆಗೆ ನಾನೇ ನೇರವಾಗಿ ಬರೆದೆ. ಉತ್ತರ ಇಲ್ಲ.

ಹಿಮಕ್ಕೆ ಕಣಿವೆ ಮುಚ್ಚೋಕೆ ಇನ್ನು ಎರಡು ಮೂರು ವಾರ ಇದೆ. ನೀನೇ ಹೋಗಿ ಹೇಳು. ಮತ್ತೆ ಕಂಪಿಸುತ್ತಾ, ಯಾವಾಗ ಅಂತ ಕೇಳಿದರೆ ಗೊತ್ತಿಲ್ಲ ಅನ್ನು, ಸುಳ್ಳು ಹೇಳಬೇಡ. ಎಲ್ಲಿ ಅಂತ ಮಾತ್ರ ನಮಗೆ ಗೊತ್ತು. ಮನೆ ಬಿಡಿಸೋಕಾಗದಿದ್ದರೆ ಆ ಮಣ್ಣಿನ ಚಾವಣಿ ಕೆಳಗಿಂದಾದ್ರೂ ಬಿಡಿಸು. ಎಲ್ಲರ ಮನೆಯಲ್ಲೂ ಬೇಸಿಗೆಯ ಉಣ್ಣೆ ಗುಡಾರ ಇರುತ್ತಲ್ಲ. ಕೋಲು, ಉಣ್ಣೆ ಬಿದ್ದು ಯಾರೂ ಸತ್ತಿಲ್ಲ.

ನಿನ್ನ ಎಜೆ


ಚೋನ್-ಕೊಲೊತ್, 6 ಅಕ್ಟೋಬರ್ 1974

ಎಜೆ,

ಹೋಗಿ ಬಂದೆ. ನಾನು ಇಳಿದ ಮಾರನೆಯ ದಿನ ಕಣಿವೆ ಮುಚ್ಚಿತು.

ಅಲ್ಲಿ ಶಾಲೆ ಅಂಗಳಕ್ಕೆ ಎಲ್ಲರನ್ನೂ ಕರೆಸಿದೆ. ಚಪಾನ್ ಮಡಿಸಿ ಅಸನಾಲಿ ಅಣ್ಣನ ಮುಂದೆ ಇಟ್ಟು, ಬ್ಯಾಟರಿಯಿಂದ ಹಿಡಿದು ಎಲ್ಲ ಒಪ್ಪಿಸಿದೆ. ಆಮೇಲೆ ಒಬ್ಬ ಮುದುಕಿ, "ಅಂದ್ರೆ ನನ್ನ ಏಪ್ರಿಕಾಟ್ ಮರ ಬಿಟ್ಟು ಬಂದದ್ದು ದಂಡಕ್ಕಾ?" ಅಂತ ಕೇಳಿದಳು. ಇನ್ನೊಬ್ಬ, "ಮೂರು ಸೆಕೆಂಡಂತೆ! ನಾನು ಸೀನೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು" ಅಂದ. ಯಾರೋ ನಕ್ಕರು. ಆಮೇಲೆ ಒಬ್ಬ ಮಣ್ಣುಹೆಂಟೆ ಎತ್ತಿ ಎಸೆದ. ಕಿವಿ ಪಕ್ಕಕ್ಕೆ ಬಿತ್ತು.

ಅಸನಾಲಿ ಅಣ್ಣ ಎದ್ದು ನಿಂತ. "ಬ್ಯಾಟರಿ ಕೇಳಿದ್ದು ನಾನು. ಎಸೆಯೋದಿದ್ರೆ ನನಗೂ ಒಂದು ಎಸೀರಿ" ಅಂದ. ಅವನೇ ಹೋಗಿ ತನ್ನ ಗುಡಾರದ ಕೋಲುಗಳನ್ನ ಹೊರಗೆಳೆದ. ಸಂಜೆಯೊಳಗೆ ಹದಿನೈದು ಗುಡಾರ ಎದ್ದಿದ್ದವು. ಮೂರನೆಯ ದಿನಕ್ಕೆ ಅರವತ್ತೆರಡೂ ಆದವು, ಶಾಲೆಗೂ ಒಂದು. ಮನೆಗಳಲ್ಲಿ ಈಗ ಹುಲ್ಲು, ಸಗಣಿಬೆರಣಿ ತುಂಬಿದ್ದಾರೆ.

ಬುರುಲ್ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಗುಡಾರದ ಹಗ್ಗ ಬಿಗೀತಾ ಬಿಗೀತಾ ಅಂದಳು: "ತಪ್ಪು ಲೆಕ್ಕ ಹಾಕಿದೆ ಅಂತ ನನಗೆ ಸಿಟ್ಟಿಲ್ಲ. ಮಕ್ಕಳು ದಿನಾ ಹಾಕ್ತಾರೆ. ಜುಲೈನಲ್ಲಿ ಬಂದು ನಮ್ಮ ಗೋಡೆ ತಟ್ಟಿದೆಯಲ್ಲ, ಆಗಲೇ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆ ಚಾವಣಿ ಕೆಳಗೆ ಮಗಳನ್ನ ಮಲಗಿಸಿ ಹೋದೆ."

"ಖಾತ್ರಿ ಇರಲಿಲ್ಲ" ಅಂದೆ. "ಇರಲಿಲ್ಲ ಅಂತಾದ್ರೂ ಹೇಳಬಹುದಿತ್ತು" ಅಂದಳು. ನಾನು ಅಲ್ಲೇ ಇರ್ತೀನಿ, ಕೆಲಸ ಹೋದ್ರೆ ಹೋಗಲಿ ಅಂದೆ. ಬೇಡ ಅಂದಳು. ಜಿಪಾರ್ ಕಾರಣ ಕೇಳಿದ್ದಕ್ಕೆ, ಅಪ್ಪನಿಗೆ ಗಡಿಯಾರದ ಕೆಲಸ ಇದೆ ಅಂದಳು.

ಇಲ್ಲಿ ಈಗ ಚಿಕ್ಕ ಕಂಪನ ಬಂದಾಗಲೆಲ್ಲ ನೋಡ್ತಾ ನಿಲ್ತೀನಿ. ಮೊದಲ ಅಲೆ ಬಂತು ಅಂದ್ರೆ ಐದು ಸೆಕೆಂಡ್ ಹಿಂದೆ ಅವರ ಬಟ್ಟಲುಗಳು ಅಲುಗಿದವು ಅಂತ ಅರ್ಥ. ಅಲ್ಲಿಂದ ನನಗೆ ಬರ್ತಿರೋ ಸುದ್ದಿ ಅಷ್ಟೇ. ನನ್ನ ಮೇಲೆ ದೂರು ಬರೆದು ಮುಗಿಸಿಬಿಡಿ ಎಜೆ, ಬೇರೆ ಯಾರನ್ನಾದ್ರೂ ಕಳಿಸಿ. ಈ ಚಳಿಗಾಲ ಒಬ್ಬನೇ ಕಳೆಯೋ ಶಕ್ತಿ ನನಗಿಲ್ಲ.

ಮುಕಾಷ್


ಫ್ರುಂಝೆ, 11 ಡಿಸೆಂಬರ್ 1974

ತಮ್ಮಾ,

ಏಳನೇ ತಾರೀಖಿನ ನಿನ್ನ ತಂತಿ ನನ್ನ ಕೈಗೆ ಬಂದಾಗ ಹನ್ನೊಂದೂವರೆ. ಮಾರ್ಚಿನದಕ್ಕಿಂತ ದೊಡ್ಡದು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಕೈವಾರದ ಮೊನೆ ಎರಡು ಸಲ ಕಾಗದ ಹರೀತು. ನಿನ್ನ ಗಡಿಯಾರದ ತಿದ್ದುಪಡಿ, ಅದರ ಪಕ್ಕದಲ್ಲಿ "ರೇಡಿಯೋಗೆ ಎರಡು ಸಲ ಹೋಲಿಸಿದೆ" ಅಂತ ನೀನು ಸೇರಿಸಿದ್ದ ಸಾಲು ನೋಡಿದ ಮೇಲೆ ಹೊಸ ಹಾಳೆ ತಗೊಂಡೆ. ಹತ್ತೇ ನಿಮಿಷದಲ್ಲಿ ಚುಕ್ಕೆ ಇಟ್ಟೆ. ಎರಡು ಕಿಲೋಮೀಟರಿನೊಳಗೆ ಅಂತ ಬರೆದು ಸಹಿ ಹಾಕಿದೆ. ನನ್ನ ಇಡೀ ಸೇವೆಯಲ್ಲಿ ಇಷ್ಟು ಚೊಕ್ಕವಾದ ಚುಕ್ಕೆ ಇಟ್ಟಿಲ್ಲ. ಆ ಚೊಕ್ಕ ಚುಕ್ಕೆ ಬಿದ್ದದ್ದು ಸರಿಯಾಗಿ ಅವರ ಅಂಗಳದಲ್ಲಿ. ಅದರಿಂದಲೇ ಹೆಲಿಕಾಪ್ಟರ್ ಅಲೆದಾಡದೆ ನೇರವಾಗಿ ಅಲ್ಲಿಗೆ ಹೋಯ್ತು.

ಇದನ್ನ ಮೊದಲೇ ಬರೀಬೇಕಿತ್ತು, ನನ್ನ ಬುದ್ಧಿಗಿಷ್ಟು: ಎಲ್ಲರೂ ಬದುಕಿದ್ದಾರೆ. ನಿನ್ನೆ ವರದಿ ಬಂತು, ನಿನಗೆ ತಂತಿ ಕೊಡೋಣ ಅಂದ್ರೆ ಏಳರ ರಾತ್ರಿಯಿಂದ ನಿಮ್ಮ ಕಡೆ ತಂತಿ ಲೈನು ಕೆಟ್ಟಿದೆ. ದಿನಾ ಇರೋ ಹಾಗೆ ಏಳನೇ ತಾರೀಖೂ ಎಲ್ಲರೂ ಗುಡಾರಗಳಲ್ಲೇ ಇದ್ದರು. ಐವತ್ತೊಂದು ಮನೆ ಪೂರ್ತಿ ನೆಲಸಮ. ಶಾಲೆಯ ಕಟ್ಟಡದ್ದು ಒಂದು ಗೋಡೆಯೂ ನಿಂತಿಲ್ಲ. ಮಕ್ಕಳು ಪಕ್ಕದ ಗುಡಾರದಲ್ಲಿ ಪಾಠ ಕೇಳ್ತಿದ್ದರು. ಒಬ್ಬನಿಗೆ ಸಮೋವರ್‌ನ ಬಿಸಿನೀರು ಬಿದ್ದು ಕಾಲು ಸುಟ್ಟಿದೆ. ಬುರುಲ್, ಜಿಪಾರ್ ಇಬ್ಬರ ಹೆಸರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಚೆನ್ನಾಗಿದ್ದಾರೆ.

ಕಚೇರಿಯ ಪಡಸಾಲೆಯಲ್ಲಿ ನಿಂತು ಅತ್ತುಬಿಟ್ಟೆ. ಕೈವಾರಕ್ಕೂ ಕಣ್ಣೀರು ಬರುತ್ತೆ ಅಂತ ಎಲ್ಲರೂ ನೋಡಿದರು.

ಇನ್ನು ನಿನ್ನ ವಿಷಯ. ಮುಖ್ಯಸ್ಥರು ಈಗ ಬೆಣ್ಣೆ ಥರ ಮೃದು ಆಗಿದ್ದಾರೆ. ನಿನಗೆ ಎಚ್ಚರಿಕೆಯ ಪತ್ರ ಒಂದು ಬರುತ್ತೆ, ಅಷ್ಟೇ. ಜಾನಿ-ಕೊನುಷ್‌ನಿಂದ ಅರ್ಧ ದಿನದ ದಾರಿಯಲ್ಲಿರೋ ಹವಾಮಾನ ಕಚೇರಿಯಲ್ಲಿ ನಿನಗೊಂದು ಕೆಲಸ ಕೊಡಿಸಿದ್ದೀನಿ. ವರ್ಗಾವಣೆ ಆದೇಶ ಇದರ ಜೊತೆಗಿದೆ. ಠಾಣೆಯನ್ನ ಆ ಊರಿಗೇ ತರೋಣ ಅಂತಾನೂ ಕೇಳಿ ನೋಡಿದೆ. ಅಲ್ಲಿ ಬರೀ ಜಲ್ಲಿ ನೆಲ, ಯಂತ್ರ ಕೂರಿಸೋಕೆ ಬಂಡೆ ಸಿಗಲ್ಲವಂತೆ. ನಿನ್ನ ಜಾಗಕ್ಕೆ ಬರೋಕೆ ಯಾರೂ ಒಪ್ಪಿಲ್ಲ. ಸಿಗೋವರೆಗೆ ಠಾಣೆ ಮುಚ್ಚಿರುತ್ತೆ. ನನ್ನ ಚುಕ್ಕೆ ಮತ್ತೆ ಸೌತೆಕಾಯಿ ಆಗುತ್ತೆ, ಆಗಲಿ. ಹೊಸ ವರ್ಷಕ್ಕೆ ನಿನ್ನ ಮನೆಯವರ ಜೊತೆ ಕೂತು ಉಣ್ಣು. ಕಣಿವೆ ಮುಚ್ಚಿರೋದರಿಂದ ಫ್ರುಂಝೆ ಮೇಲೆ ಸುತ್ತಿಕೊಂಡೇ ಹೋಗ್ತೀಯಲ್ಲ, ಒಂದು ಸಲ ಬಂದು ಮುಖ ತೋರಿಸಿ ಹೋಗು.

ನಿನ್ನ ಎಜೆ


ಚೋನ್-ಕೊಲೊತ್, 2 ಜನವರಿ 1975

ಬಾತ್ಮಾ ಎಜೆ,

ನಿಮ್ಮ ಕಾಗದ ಬರೋವರೆಗೆ ಹದಿಮೂರು ದಿನ ನಾನು ಬದುಕಿದ್ದೆ ಅನ್ನೋಕಾಗಲ್ಲ. ಅವತ್ತು ಎರಡನೆಯ ಅಲೆ ಬಂದು ಗೆರೆ ಕಾಗದದ ಆಚೆಗೆ ಹಾರಿದಾಗ, ಮಗಳ ಹೆಸರು ಕೂಗಿಬಿಟ್ಟೆ. ಖಾಲಿ ಗೋಡೆಗಳಿಂದ ಅದೇ ಹೆಸರು ವಾಪಸ್ ಬಂತು. ನೀವು "ಎಲ್ಲರೂ ಬದುಕಿದ್ದಾರೆ" ಅಂತ ಬರೆದ ಸಾಲನ್ನ ಸೇತುವೆ ಮೇಲೆ ನಿಂತು ಟಪಾಲು ಚಾಲಕನಿಗೆ ನಾಲ್ಕು ಸಲ ಓದಿಸಿ ಕೇಳಿದೆ. ಅವನಿಗೆ ತಲೆ ಕೆಟ್ಟಿರಬೇಕು, ಆದರೂ ಓದಿದ.

ಅವತ್ತೇ ಗಂಟು ಮೂಟೆ ಕಟ್ಟಿದೆ. ನಿಮಗೆ ಅಂತ ಒಂದು ಚೀಲ ಒಣ ಏಪ್ರಿಕಾಟೂ ಇಟ್ಟುಕೊಂಡೆ. ಮುಂದಿನ ಶುಕ್ರವಾರದ ಗಾಡಿಗೆ ಹೊರಡೋನಿದ್ದೆ.

ಆ ಗಾಡಿಯಲ್ಲೇ ಇನ್ನೊಂದು ಕಾಗದ ಬಂತು. ಜಾನಿ-ಕೊನುಷ್‌ನಿಂದ, ಊರಿನವರೆಲ್ಲ ಸೇರಿ ಬರೆಸಿದ್ದು. ಅಕ್ಷರ ಅಸನಾಲಿ ಅಣ್ಣನದು. ಮುಖ್ಯವಾದ ಮಾತನ್ನ ಇದ್ದ ಹಾಗೇ ಇಳಿಸ್ತೀನಿ:

"ಮುಕಾಷ್, ನೀನು ಠಾಣೆ ಬಿಟ್ಟು ಬರ್ತೀಯ ಅಂತ ಜಿಲ್ಲೆಯವರು ಹೇಳಿದರು. ನಿನ್ನ ಮೇಲೆ ನಮಗೆ ಕೋಪ ಇಲ್ಲ. ಇದ್ದದ್ದು ಏಳನೇ ತಾರೀಖು ಹೋಯ್ತು. ಈಗ ನಾವು ಕೇಳೋದು ಒಂದೇ. ಬರಬೇಡ. ಸರಕಾರದವರು ಬೇಸಿಗೆಗೆ ಹೊಸ ಜಾಗ ನೋಡ್ತಾರಂತೆ. ಅವರು ತೋರಿಸೋ ಜಾಗಾನ ನಾವು ನಂಬಲ್ಲ. ನೀನು ಕೂತು ನೋಡಿ, ನೆಲ ಒಡೆಯೋದು ಇಲ್ಲಿ ಅಲ್ಲ ಅಂತ ಹೇಳಿದ ಕಡೆ ಮಾತ್ರ ಗೂಟ ಹೊಡೀತೀವಿ. ಅದಕ್ಕೆ ಎಷ್ಟು ದಿನ ಬೇಕೋ, ಎಷ್ಟು ವರ್ಷ ಬೇಕೋ ನೋಡು. ಊರಿನವರೆದುರು ನಿಂತು ತಪ್ಪು ಒಪ್ಪಿಕೊಂಡವನು ಇನ್ನೊಂದು ಸಲ ತಪ್ಪು ಮಾಡಲ್ಲ. ನೀನು ಅಲ್ಲಿದ್ದರೆ ನಾವು ಇಲ್ಲಿ ನಿದ್ದೆ ಮಾಡ್ತೀವಿ."

ಕೆಳಗೆ ಅರವತ್ತೆರಡು ಮನೆಗಳಿಂದ ಒಂದೊಂದು ಸಹಿ. ಓದು ಬರದವರದು ಹೆಬ್ಬೆಟ್ಟು. ನಮ್ಮ ಮನೆಯದೂ ಇದೆ ಅಂತ ಹುಡುಕಿದೆ. ಒಂಬತ್ತನೆಯ ಸಾಲಿನಲ್ಲಿ ಸಿಕ್ಕಿತು. ಬುರುಲ್ ಟೀಚರ್ ಅಕ್ಷರ, ದುಂಡಗೆ, ಎಲ್ಲೂ ನಡುಗಿಲ್ಲ.

ವರ್ಗಾವಣೆ ಆದೇಶ ವಾಪಸ್ ಕಳಿಸ್ತಿದೀನಿ ಎಜೆ. ಗಂಟು ಬಿಚ್ಚಿದೆ. ಇವತ್ತು ಬೆಳಿಗ್ಗೆ ಗಡಿಯಾರ ಅರ್ಧ ಸೆಕೆಂಡ್ ಹಿಂದಿತ್ತು, ಕೂಡಿದ್ದೀನಿ.

ಮುಕಾಷ್